ಉಪ್ಪನ ಮೇಜಿನ ಮೇಲಿನ ಐಸ್ ಹುಳ

ಚಳಿ ಎಂದರೆ ನನಗೆ ಇವತ್ತಿಗೂ ಉಪ್ಪುನೀರು, ಒದ್ದೆ ಗೋಣಿ ಮತ್ತು ಮೀನಿನ ವಾಸನೆ. ಫರಂಗಿಪೇಟೆಯಲ್ಲಿ, ಹೊಳೆಗೆ ಸ್ವಲ್ಪ ಈಚೆ, ಉಪ್ಪನ ಚಿಕ್ಕ ಐಸ್ ಪ್ಲಾಂಟ್ ಇದೆ. ಅಪ್ಪನನ್ನು ನಾವು ಉಪ್ಪ ಎನ್ನುತ್ತೇವೆ. ಹೊರಗೆ ಹೆದ್ದಾರಿ ಕಾದು ಕುದಿಯುವಾಗ ನಾನು ಒಳಗೆ ಐಸಿನ ದಿಮ್ಮಿಗೆ ಕೆನ್ನೆಯಿಟ್ಟು ಕೂತು, ಅದರ ನಡುವಿನ ಬಿಳಿ ಮಂಜನ್ನು ನೋಡುತ್ತಾ ನೋಡುತ್ತಾ ಯಾವುದೋ ಊರಿಗೆ ಹೋಗಿಬಿಡುತ್ತಿದ್ದೆ. ಇವಳನ್ನೂ ಮೀನಿನ ಲಾರಿಗೆ ಹಾಕಿ ಕಳಿಸುವ ಎಂದು ಉಪ್ಪ ತಮಾಷೆ ಮಾಡುತ್ತಿದ್ದರು.

ಲಾರಿ ಹತ್ತಲಿಲ್ಲ, ಆದರೆ ಆ ಊರು ಸಿಕ್ಕಿತು. ಈಗ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ರಜೆ ಸಿಕ್ಕಾಗೆಲ್ಲ ಹಳೆಯ ಗೆಳತಿಯ ಸಂಶೋಧನಾ ತಂಡದ ಜೊತೆ ಹಿಮಾಲಯಕ್ಕೆ ಹೋಗಿ, ಹಿಮನದಿಯ ಬುಡದಿಂದ ಹೊರಡುವ ತೊರೆಯಲ್ಲಿ ಕಲ್ಲು ಎತ್ತಿ ಹುಳ ಹುಡುಕುವುದು ನನ್ನ ಚಾಳಿ.

ಮೊದಲ ಸಲ ನೋಡಿದಾಗ ಆ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು. ಮಂಜುಗಡ್ಡೆ ಬಂಡೆಯನ್ನು ಅರೆದು ಬಿಟ್ಟ ಹುಡಿ ಅದರಲ್ಲಿ ತೇಲುತ್ತಿತ್ತು. ಕಲ್ಲಿನಡಿ ಇದ್ದದ್ದು ಒಂದೇ ಜಾತಿಯ ಹುಳ, ಕಚ್ಚದ ಒಂದು ಸಣ್ಣ ನೊಣದ ಮರಿ, ದಾರದ ತುಂಡಿನಷ್ಟು. ಬೆಳ್ತಂಗಡಿಯ ತೊರೆಗಳಲ್ಲಿ ಕಲಿತವಳು ನಾನು. ಅಲ್ಲಿ ಯಾವ ಕಲ್ಲು ಮಗುಚಿದರೂ ಸಂತೆ. ಒಂದೇ ಜಾತಿ ಎಂದರೆ ಈ ತೊರೆ ಸಾಯುತ್ತಿದೆ ಎಂದೇ ತಿಳಿದೆ. ಗೆಳತಿ ನಕ್ಕಳು. ತೊರೆ ಚೆನ್ನಾಗಿಯೇ ಇದೆ, ಈ ಚಳಿಯಲ್ಲಿ ಸಂಸಾರ ಹೂಡುವ ಎದೆ ಇರುವುದು ಅದೊಂದಕ್ಕೇ ಎಂದಳು.

ಒಂದನ್ನು ಸ್ಪಿರಿಟಿನ ಪುಟ್ಟ ಬಾಟಲಿಯಲ್ಲಿ ಹಾಕಿ ಉಪ್ಪನಿಗೆ ತಂದುಕೊಟ್ಟೆ. ಅವರು ಅದನ್ನು ಆಫೀಸಿನ ಮೇಜಿನ ಮೇಲಿಟ್ಟು ಬಂದ ಡ್ರೈವರುಗಳಿಗೆಲ್ಲ ತೋರಿಸಿದರು. "ಐಸಲ್ಲೇ ಹುಟ್ಟಿ ಐಸಲ್ಲೇ ಬದುಕುವ ಜಾತಿ. ನಮ್ಮ ಸಂಬಂಧಿಕ."

ಆಮೇಲೆ ಹೋದ ಪ್ರತಿ ಸಲವೂ ಹಿಮನದಿ ಇನ್ನಷ್ಟು ಹಿಂದೆ ಸರಿದಿರುತ್ತಿತ್ತು. ನಮ್ಮ ಡೇರೆಯಿಂದ ಅದರ ಬಾಯಿಗೆ ನಡೆಯುವ ದಾರಿ ಉದ್ದವಾಗುತ್ತಾ ಹೋಯಿತು. ಅದು ಬಿಟ್ಟುಹೋದ ಜಾಗದಲ್ಲಿ ನೀರು ತಿಳಿಯಾಯಿತು, ಚಳಿ ಬಿಟ್ಟಿತು, ಕಲ್ಲುಗಳ ಮೇಲೆ ಹಸಿರು ಪಾಚಿ ಬಂತು. ಕೆಳಗಿನ ತೊರೆಗಳಿಂದ ಮೂರು ಬಾಲದ ಹುಳಗಳು ಬಂದವು, ಮರಳು ಅಂಟಿಸಿ ಮನೆ ಕಟ್ಟಿಕೊಳ್ಳುವವು ಬಂದವು. ಹುಳ ಎಣಿಸುವ ತಟ್ಟೆ ತುಂಬಿದ್ದನ್ನು ನೋಡಿ ನಾನು ಹಿಗ್ಗಿದೆ. ನಮ್ಮೂರ ಕಣ್ಣು, ಏನು ಮಾಡುವುದು! ಆ ಸಂತೆಯಲ್ಲಿ ನಮ್ಮ ಐಸ್ ಹುಳ ಮಾತ್ರ ಇರಲಿಲ್ಲ. ಅದು ಚಳಿಯ ಹಿಂದೆಯೇ ಮೇಲೆ ಮೇಲೆ ಹೋಗಿತ್ತು.

ಈ ಸಲ ಅದು ಸಿಕ್ಕಿದ್ದು ಮಂಜುಗಡ್ಡೆಯ ಬಾಯಿಯಲ್ಲೇ, ನೀರು ತೊಟ್ಟಿಕ್ಕುವ ಕಲ್ಲೊಂದರಲ್ಲಿ. ತಲೆಯೆತ್ತಿ ನೋಡಿದೆ. ಮೇಲೆ ತೆಳ್ಳಗಿನ ಹರಕು ಮಂಜು, ಅದರಾಚೆ ಬರೀ ಬಂಡೆ. ತಂಡಕ್ಕೆ ಬೇಕಾದ್ದನ್ನು ಗೆಳತಿ ತೆಗೆದುಕೊಂಡಳು. ಉಪ್ಪನಿಗೆಂದು ತಂದಿದ್ದ ಬಾಟಲಿಗೆ ಒಂದನ್ನು ಹಾಕಲು ನನಗೆ ಕೈಯೇ ಬರಲಿಲ್ಲ.

ಊರಿಗೆ ಮರಳಿ, ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕಿಟಕಿಗೆ ಒರಗಿ ನಿದ್ದೆ ಹೋದೆ. ಸೀಟುಗಳ ಅಡಿಯಲ್ಲಿ ಅಕ್ಕಿ ತೊಳೆದ ಬಣ್ಣದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಯಾರ ಕಾಲೂ ಒದ್ದೆಯಾಗುತ್ತಿರಲಿಲ್ಲ. ಎಚ್ಚರವಾದಾಗ ಬಂಟ್ವಾಳ ದಾಟಿತ್ತು.

ಉಪ್ಪ ಕೈ ಚಾಚಿಕೊಂಡೇ ಕಾದಿದ್ದರು. ಮನೆಮಾತು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಎಲ್ಲಿ, ಹೊಸದು ತರ್ಲಿಲ್ವಾ?"

"ಇಲ್ಲ ಉಪ್ಪಾ. ಸ್ವಲ್ಪವೇ ಉಳಿದದ್ದು."

"ಇನ್ನೂ ಮೇಲೆ ಹೋಗ್ತದೆ ಬಿಡು."

"ಮೇಲೆ ಐಸ್ ಇಲ್ಲ."

ಅವರು ದಿಮ್ಮಿ ಕಟ್ಟುವ ಕ್ಯಾನುಗಳು ಮುಳುಗಿದ್ದ ಉಪ್ಪುನೀರಿನ ಟ್ಯಾಂಕಿನ ಕಡೆ ಕೈ ತೋರಿದರು. "ಇಲ್ಲಿಗೆ ತಾ ಮಾರಾಯ್ತಿ. ಒಂದು ಕ್ಯಾನ್ ಅದಕ್ಕೇ ಅಂತ ಬಿಡುವ. ನಮ್ಮಲ್ಲಿ ಐಸಿಗೇನು ಬರಗಾಲವಾ?"

ನಾನು ನಕ್ಕೆ. ಹರಿಯುವ ನೀರು ಬೇಕು, ಆ ಕಲ್ಲು ಬೇಕು, ರೆಕ್ಕೆ ಬಂದಾಗ ಹಾರಲು ಆ ಗಾಳಿಯೇ ಬೇಕು ಎಂದು ಪಾಠ ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿದೆ. ಅಷ್ಟು ಚಿಕ್ಕ ಹುಳಕ್ಕಾಗಿ ಅಳು ಬಂತೆಂದು ನಾಚಿಕೆಯೂ ಆಯಿತು.

ಉಪ್ಪ ಮೇಜಿನ ಮೇಲಿದ್ದ ಹಳೆಯ ಬಾಟಲಿಯನ್ನು ಎತ್ತಿ, ಬನಿಯನಿನ ಅಂಚಿನಿಂದ ಒರೆಸಿ, ಐಸ್ ರೂಮಿನ ಒಳಗೆ ಹೋದರು.

"ಅದು ಸತ್ತದ್ದು ಉಪ್ಪಾ," ಎಂದೆ.

"ಗೊತ್ತುಂಟು ಮಗಳೇ," ಎಂದು ಅದನ್ನು ಎರಡು ದಿಮ್ಮಿಗಳ ನಡುವೆ ಇಟ್ಟರು. "ಮೇಜಿಗೆ ಬಿಸಿಲು ಬೀಳ್ತದೆ."