ತೀರ್ಥವೆಂದು ಕುಡಿಸಿದ ಎಳನೀರು

2007ರ ಶ್ರಾವಣದಲ್ಲಿ ನನ್ನ ಹೆಂಡತಿ ಶಾಂತವ್ವಳ ಪ್ರಾಣಕ್ಕೆ ಕುತ್ತು ತಂದವನು ನಾನೇ. ನಮ್ಮ ಸೀಮೆಯ ಶಿವ ಗಳಗನಾಥನ ಭಕ್ತರಾದ ನಿಮ್ಮೆದುರು ಅದನ್ನು ಮುಚ್ಚಿಡಲಾರೆ.

ಆಕೆಯ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ವಾರಕ್ಕೆರಡು ಸಲ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೆವು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಏರಿದರೆ ಹೃದಯವೇ ನಿಂತೀತು, ಎಳನೀರಿನಲ್ಲಿ ಅದು ಹೇರಳ, ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ಮೆಟ್ರಿಕ್ ಓದಿದವನು, ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಆದರೂ ಶ್ರಾವಣ ಪೂರ್ತಿ ಓಣಿಯ ಈಶ್ವರನಿಗೆ ಎಳನೀರಿನ ಅಭಿಷೇಕ ಮಾಡಿಸಿ, ಆ ತೀರ್ಥವನ್ನು ತಂಬಿಗೆಯಲ್ಲಿ ತಂದು ಆಕೆಗೆ ಕುಡಿಸುವ ಹರಕೆ ಹೊತ್ತೆ.

“ಡಾಕ್ಟರು ಬ್ಯಾಡ ಅಂದಾರಲ್ರಿ,” ಎಂದಳು.

“ದೇವರ ತೀರ್ಥಕ್ಕ ಅಡ್ಡ ಮಾತಾಡ್ತೀಯೇನು? ಸುಮ್ನ ಕುಡಿ.”

ಕುಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಆಕೆಗೆ ಕಾಲೆತ್ತಲು ಆಗಲಿಲ್ಲ. ಕಂಡಕ್ಟರೇ ರಟ್ಟೆ ಹಿಡಿದು ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಆಕೆಯ ನಾಡಿ ಹಿಡಿದು ಕುಳಿತೆ. ಒಂದು ಬಡಿತ ಬಂದರೆ ಇನ್ನೊಂದು ಬರುವುದೋ ಇಲ್ಲವೋ ಎಂಬಂತಿತ್ತು.

ಡಾಕ್ಟರು ಇಸಿಜಿ ನೋಡಿ, “ಅಜ್ಜಾರ, ಮೊನ್ನೆ ರಕ್ತ ಚಲೋ ಇತ್ತಲ್ರಿ. ತಿನ್ನಾಕ ಕುಡಿಯಾಕ ಏನರ ಬ್ಯಾರೆ ಕೊಟ್ಟೀರೇನು?” ಎಂದರು.

“ಇಲ್ರಿ ಸರ್. ನೀವು ಹೇಳಿದ್ದಷ್ಟ.”

ರಕ್ತದ ವರದಿ ಬರಲು ಇನ್ನೂ ಒಂದು ತಾಸು ಬೇಕಿತ್ತು. “ಹಂಗಾದ್ರ ಹಾರ್ಟಿಂದ ಇರಬೇಕು. ಹುಬ್ಬಳ್ಳಿಗೆ ಒಯ್ಯಿರಿ, ಲಗೂ,” ಎಂದು ಗಾಡಿ ಕರೆಸಿದರು.

ಸ್ಟ್ರೆಚರ್ ಬಾಗಿಲು ದಾಟುತ್ತಿತ್ತು. ಕಣ್ಣು ಮುಚ್ಚಿ, “ಗಳಗನಾಥಾ, ಆಕೀನ್ನ ಉಳಿಸಪ್ಪಾ,” ಎಂದೆ. ಎದೆಗೆ ಯಾವ ಸಮಾಧಾನವೂ ಬರಲಿಲ್ಲ. ಬಚ್ಚಿಟ್ಟಿದ್ದ ಮಾತು ಮಾತ್ರ ಹೊರಗೆ ಬಂತು: “ಸರ್, ಸುಳ್ಳು ಹೇಳೇನ್ರಿ. ಮೂರು ದಿನ ತಂಬಗಿ ತುಂಬ ಎಳನೀರು ಕುಡಿಸೇನಿ. ನಂದ ತಪ್ಪು.”

ಡಾಕ್ಟರು ಬೈಯಲಿಲ್ಲ, ಓಡಿದರು. ಗಾಡಿ ನಿಲ್ಲಿಸಿ, ನರಕ್ಕೆ ಇಂಜೆಕ್ಷನ್ ಕೊಟ್ಟು, ಆಗಲೇ ಡಯಾಲಿಸಿಸ್‌ಗೆ ಹಾಕಿದರು. ವರದಿ ಬಂದಾಗ ಐದರ ಆಸುಪಾಸು ಇರಬೇಕಾದ ಪೊಟ್ಯಾಸಿಯಂ ಏಳನ್ನೂ ದಾಟಿತ್ತು.

“ಹುಬ್ಬಳ್ಳಿ ಮುಟ್ಟತಿದ್ದಿಲ್ರಿ ಅಜ್ಜಾರ,” ಎಂದರು.

ಸಂಜೆ ಶಾಂತವ್ವ ಕಣ್ಣು ಬಿಟ್ಟಳು. ನಡೆದದ್ದನ್ನೆಲ್ಲ ನರ್ಸ್ ಹೇಳಿದ ಮೇಲೆ ನನ್ನ ಕಡೆ ತಿರುಗಿ, “ಖರೇನ ಅಷ್ಟು ಮಂದಿ ಮುಂದ ‘ನಂದ ತಪ್ಪು’ ಅಂದ್ರೇನ್ರಿ? ನಲವತ್ತು ವರ್ಷದಾಗ ನಾ ಒಮ್ಮೆನೂ ಕೇಳಿಲ್ಲ. ನಾ ಉಳದದ್ದಲ್ಲ, ಪವಾಡ ಅಂದ್ರ ಅದು!” ಎಂದು ನಕ್ಕಳು.

ನಾನು ಅತ್ತೆ. ಬೇಡಿದ್ದು ಆಕೆಯ ಜೀವ. ಅದನ್ನು ಉಳಿಸಲು ಗಳಗನಾಥ ನನ್ನ ಸೊಕ್ಕನ್ನೇ ಮೊದಲು ಮುರಿದ. ಆ ದಯೆಗೆ ಇಬ್ಬರೂ ಕೈಮುಗಿದಿದ್ದೇವೆ.