ಮೂರನೆಯ ರೈಫಲ್

ವೆಲ್ಡಾ ಡ್ರೈಲಿಂಗ್ ಬೆಳಗಿನಿಂದ ರೈಫಲ್ ಕ್ಲಬ್ಬಿನ ಗೇಟಿನ ಕಡೆ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಿದ್ದಳು. ವೇಡ್ ಬರಬೇಕಿತ್ತು. ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ, ನಿಜ. ಆದರೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಹುಡುಗ, ಪಾಳಿ ಮುಗಿಸಿ ಹಾಗೇ ಮಲಗಿಬಿಟ್ಟರೆ? ಮಣ್ಣುದಾರಿಯಲ್ಲಿ ಟೈರು ಕೈಕೊಟ್ಟರೆ? ಅವನು ಬಾರದಿದ್ದರೆ ಹೆವಿ ವಿಭಾಗದ ಕಥೆ ಅಲ್ಲಿಗೆ ಮುಗಿಯಿತು.

ಪಶ್ಚಿಮ ಕನ್ಸಾಸ್‌ನ ಆ ಕ್ಲಬ್ಬಿನಲ್ಲಿ ಎಲ್ಲರ ರೈಫಲ್ಲೂ ಒಂದೇ ಜಾತಿಯದು. ಟ್ರಿಗರ್ ಒತ್ತಿದಾಗಲೊಮ್ಮೆ ಗುಂಡು ಹಾರಿ, ಮುಂದಿನ ತೋಟಾ ತಾನಾಗಿ ಬಂದು ಕೂರುವಂಥದ್ದು. ಆದರೆ ಸ್ಪರ್ಧೆಯಲ್ಲಿ ವಿಭಾಗಗಳು ಬೇರೆ. ಸಣ್ಣ ತೋಟಾದವರದು ಲೈಟ್. ದಪ್ಪ ತೋಟಾದ, ಭುಜಕ್ಕೆ ಒದೆಯುವ ಹಳೇ ಬಗೆಯವರದು ಹೆವಿ. ಎರಡರಲ್ಲೂ ಗುಂಡಿನ ವೇಗಕ್ಕೆ ಮಿತಿಯಿದೆ. ಇವೆರಡಕ್ಕೂ ಒಗ್ಗದ್ದು, ಮಿತಿ ಮೀರಿದ್ದು, ಹೊಸ ಬಗೆಯ ದುಬಾರಿ ಸಾಮಾನು ಎಲ್ಲ ಓಪನ್‌ಗೆ. ಒಂದು ವಿಭಾಗದವರೆಲ್ಲ ಒಂದು ಗುಂಪಾಗಿ ದಿನವಿಡೀ ಗುರಿಯಿಂದ ಗುರಿಗೆ ನಡೆಯುತ್ತಾರೆ, ಒಟ್ಟಿಗೇ ಉಣ್ಣುತ್ತಾರೆ. ಮೂವರಿಗಿಂತ ಕಮ್ಮಿಯಾದ ವಿಭಾಗವನ್ನು ಅಳಿಸಿ ಓಪನ್‌ಗೆ ಸೇರಿಸುವುದೆಂದು ಕ್ಲಬ್ಬು ಈ ಸಲ ತೀರ್ಮಾನಿಸಿತ್ತು. ಹೆವಿಯಲ್ಲಿ ಉಳಿದಿದ್ದವರು ವೆಲ್ಡಾ ಮತ್ತು ಮಂಡಿನೋವಿನ ಆರ್ವಲ್ ಇಬ್ಬರೇ.

ವೆಲ್ಡಾ ಶಾಲೆಯ ಬಸ್ಸು ಓಡಿಸುವವಳು. ಕೊನೆಯ ಮಗು ಇಳಿದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಗೇರು ಹಾಕುತ್ತಿರಲಿಲ್ಲ. ಆಮೇಲೆ ಅಷ್ಟುದ್ದದ ಖಾಲಿ ಬಸ್ಸನ್ನು ಗೋಧಿ ಹೊಲಗಳ ನಡುವೆ ಓಡಿಸಿಕೊಂಡು ಬಂದು ತನ್ನ ಅಂಗಳದಲ್ಲೇ ನಿಲ್ಲಿಸುತ್ತಿದ್ದಳು. ಮದುವೆ ಎಂದೋ ಮುರಿದಿತ್ತು, ಮಕ್ಕಳಾಗಿರಲಿಲ್ಲ. ರಜೆ ಬಂದರೆ ಬಸ್ಸಿನ ಗದ್ದಲವೂ ಇಲ್ಲ. ಹೆಸರು ಹಿಡಿದು ಕರೆದು ರೇಗಿಸುವವರು ಸಿಗುತ್ತಿದ್ದದ್ದು ಸ್ಪರ್ಧೆಯ ಶನಿವಾರ ಮಾತ್ರ.

ಒಂದು ಕಾಲಕ್ಕೆ ಹೆವಿಯವರಿಗೆ ಎರಡು ಮೇಜು ಸಾಲುತ್ತಿರಲಿಲ್ಲ. ವೆಲ್ಡಾ ಎಲೆಕೋಸು-ಮಾಂಸ ತುಂಬಿದ ಬನ್ನು ಬೇಯಿಸಿ ತಂದರೆ, ಐಯೋನ್ ಲೈಕರ್ ಉಪ್ಪಿನಕಾಯಿ ತರುತ್ತಿದ್ದಳು. ಐಯೋನ್ ಅವಳ ಜೀವದ ಗೆಳತಿ. ಒಂದು ಬೇಸಿಗೆ, ವೇಗ ಅಳೆಯುವ ಯಂತ್ರದ ಬಳಿ ಕೂತು ಅಂಕಿ ಓದುವ ಸರದಿ ವೆಲ್ಡಾಳದಿದ್ದಾಗಲೇ ಐಯೋನಳ ಗುಂಡು ಮಿತಿ ದಾಟಿತು. ವೆಲ್ಡಾ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಐಯೋನ್ ಅವತ್ತು ಓಪನ್‌ಗೆ ಹೋದವಳು ಮತ್ತೆ ಬರಲಿಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡು ವೆಲ್ಡಾ ತಾನಾಗಿ ಕೇಳಲಿಲ್ಲ. ಕಂಡರೆ ಕೈ ಎತ್ತುವುದು, ಅಷ್ಟೇ ಉಳಿಯಿತು.

ಕಡೆಗೂ ವೇಡ್‌ನ ಪಿಕಪ್ಪು ಧೂಳೆಬ್ಬಿಸಿಕೊಂಡು ಬಂತು. ಸೋದರಮಾವನ ರೈಫಲ್ಲು, ಸೋದರಮಾವನೇ ಚಳಿಗಾಲದಲ್ಲಿ ಕೂತು ಮದ್ದು ತುಂಬಿಟ್ಟಿದ್ದ ತೋಟಾ. ಆರ್ವಲ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಬಾರಪ್ಪ. ಈ ಬೇಲಿಗೂಟ ಹೊತ್ಕೊಂಡು ಓಡಾಡೋ ಮೂರ್ಖರು ನಾವಿಬ್ರೇ ಅಂದ್ಕೊಂಡಿದ್ದೆ."

"ಭುಜ ಮುರಿದ್ರೆ ಕಟ್ಟು ನಾನೇ ಹಾಕ್ತೀನಿ ಬಿಡಿ, ಫೀಸಿಲ್ಲ," ಎಂದ ವೇಡ್.

ವೆಲ್ಡಾ ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು. ಈ ಸಲವೂ ಯಂತ್ರದ ಬಳಿ ಅವಳದೇ ಸರದಿ. ವೇಡ್ ಪಿಕಪ್ಪಿನ ಗಾಜಿನ ಹಿಂದೆ ಇಟ್ಟಿದ್ದ ಡಬ್ಬಿ ತಂದು ಬಿಚ್ಚಿದ. ವೆಲ್ಡಾ ಒಂದು ತೋಟಾ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಒಲೆಯಿಂದ ಇಳಿಸಿದಂತೆ ಬಿಸಿ. ಮದ್ದು ಕಾದರೆ ಗುಂಡಿನ ವೇಗ ಏರಿಬಿಡುತ್ತದೆ. ಟೊಪ್ಪಿ ತಾ, ನೀರು ತಾ, ಹಾವಿರುತ್ತೆ ಎತ್ತರದ ಬೂಟು ಹಾಕ್ಕೋ ಎಂದು ಫೋನಿನಲ್ಲಿ ಎಲ್ಲ ಹೇಳಿದ್ದಳು. ತೋಟಾವನ್ನು ಬಿಸಿಲಿಗಿಡಬೇಡ ಎನ್ನುವುದೊಂದನ್ನೇ ಹೇಳಿರಲಿಲ್ಲ. ಯಾರಿಗೆ ಗೊತ್ತಿರುವುದಿಲ್ಲ ಎಂದುಕೊಂಡಿದ್ದಳು. ತಣ್ಣಗೆ ಮಾಡಿಕೊಂಡು ಬಾ ಎನ್ನುವ ಹಾಗೂ ಇಲ್ಲ. ಡಬ್ಬಿಯಿಂದ ಹೊರಬಂದ ಹಾಗೇ ಅಳೆಯಬೇಕೆಂದು ನಿಯಮ.

ವೇಡ್ ಹಾರಿಸಿದ. ಯಂತ್ರದ ಮುಖ ವೆಲ್ಡಾಳ ಕಡೆಗಿತ್ತು, ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಮಿತಿಗಿಂತ ಸ್ವಲ್ಪವೇ, ಸ್ವಲ್ಪವೇ ಸ್ವಲ್ಪ ಮೇಲೆ. ಆರ್ವಲ್ ಆಗಲೇ ಮೂರು ಕುರ್ಚಿ ಎತ್ತಿ ನೆರಳಿಗೆ ಒಯ್ಯುತ್ತಿದ್ದ. ಸರಿಯಿದೆ, ಹೋಗು ಎಂದರೆ ಸಾಕಿತ್ತು. ಹಾಗೆಂದರೆ ಐಯೋನಳಿಗೆ ಅವತ್ತು ಹೇಳಿದ್ದಕ್ಕೆ ಏನರ್ಥ?

"ದಾಟಿದೆ ಕಣಪ್ಪ," ಎಂದಳು. "ನೀನು ಓಪನ್‌ಗೆ."

ವೇಡ್‌ಗೆ ಬೇಸರವೇನೂ ಆಗಲಿಲ್ಲ. ಓಪನ್‌ನಲ್ಲಿ ತನ್ನ ಆಸ್ಪತ್ರೆಯವರೇ ಇಬ್ಬರಿದ್ದಾರೆ ಎಂದು ಖುಷಿಯಿಂದಲೇ ಹೋದ. ಹಲಗೆಯ ಮೇಲಿನ ಹೆವಿ ಎಂಬ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಹೊಸಬರ ಜೊತೆ ಕುಂಟಲು ತನ್ನಿಂದಾಗದು ಎಂದು ಆರ್ವಲ್ ಕುರ್ಚಿಗಳನ್ನು ಮಡಚಿ ಗಾಡಿಗೆ ಹಾಕಿದ. ಹೊರಡುವ ಮುಂಚೆ ವೆಲ್ಡಾಳ ಬೆನ್ನು ತಟ್ಟಿದ.

ಓಪನ್‌ನಲ್ಲಿ ಜನ ಹೆಚ್ಚೆಂದು ಎರಡು ಗುಂಪು ಮಾಡಿದ್ದರು. ವೆಲ್ಡಾಳನ್ನು ಹಾಕಿದ್ದು ಐಯೋನಳ ಗುಂಪಿಗೆ. ಬೆಳಗಿನ ಗುರಿಗಳು ಮುಗಿಯುವವರೆಗೂ ಇಬ್ಬರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಊಟದ ಹೊತ್ತಿಗೆ ಐಯೋನ್ ತಾನಾಗಿ ಬಂದು ಪಕ್ಕದಲ್ಲಿ ನಿಂತಳು.

"ಆ ಹುಡುಗನಿಗೂ ಹೇಳಿಬಿಟ್ಟೆಯಂತೆ."

"ದಾಟಿತ್ತು, ಹೇಳ್ದೆ. ನಿಂಗೆ ಇನ್ನೂ ಸಿಟ್ಟಿದ್ರೆ ಬೈದುಬಿಡು."

"ಸಿಟ್ಟು ಯಾಕೆ? ನಂದೂ ದಾಟಿತ್ತು." ಐಯೋನ್ ದೂರದ ಗುರಿಗಳನ್ನೇ ನೋಡುತ್ತಿದ್ದಳು. "ನೀನೂ ನನ್ನ ಹಿಂದೇನೇ ಓಪನ್‌ಗೆ ಬರ್ತೀಯ ಅಂದ್ಕೊಂಡಿದ್ದೆ ವೆಲ್ಡಾ. ಬಾ ಅಂತ ಯಾಕೆ ಕರೀಬೇಕು, ಬಂದೇ ಬರ್ತಾಳೆ ಅಂತ. ಆ ವರ್ಷವೆಲ್ಲ ನಿಂಗೊಂದು ಕುರ್ಚಿ ತರ್ತಿದ್ದೆ."

ತಾನು ಹೆವಿಯನ್ನು ಕಾಯುತ್ತಿದ್ದೆ ಎನ್ನಬೇಕೆಂದಿದ್ದಳು ವೆಲ್ಡಾ. ಯಾರಿಗಾಗಿ ಎಂದು ಕೇಳಿದರೆ?

"ಈಗ ತರಲ್ವಾ?" ಎಂದಳು ಕಡೆಗೆ.

"ಈಗ ಗಾಡೀಲಿ ಜಾಗ ಇಲ್ಲ ಕಣೆ. ಸೊಸೆ, ಅವಳ ತಮ್ಮ, ಅವರ ಸಾಮಾನು..."

ಅಷ್ಟರಲ್ಲಿ ಅತ್ತ ಮೇಜಿನಿಂದ ಯಾರೋ ಐಯೋನಳನ್ನು ಕರೆದರು. ಹೋಗಿ ಬರುತ್ತೇನೆ ಎಂದು ಅವಳು ಹೋದಳು. ಆ ಮೇಜಿನ ಬೆಂಚು ತುಂಬಿತ್ತು. ವೆಲ್ಡಾ ರೈಫಲ್ಲಿನ ಬಿಸಿ ನಳಿಗೆಯನ್ನು ನೆರಳಿಗೆ ಸರಿಸಿ, ಪಕ್ಕದ ಹುಲ್ಲಿನ ಮೇಲೆ ಕೂತು, ಗುಂಪಿನ ಮುಂದಿನ ಸರದಿ ಕೂಗುವುದನ್ನು ಕಾದಳು.