ಬಂಗಡೆಯಿಲ್ಲದೆ ಕುಡಿದ ಬೀರು

ನನ್ನ ಬಳಿ ಒಂದು ನೋಟ್‌ಬುಕ್ಕಿದೆ. ಹೆಂಡತಿ ತೆರೆದು ನೋಡದಿರಲಿ ಎಂದು ರಟ್ಟಿನ ಮೇಲೆ ‘ಪ್ರವಾಸ ಟಿಪ್ಪಣಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅವಳು ಮೊದಲ ವಾರವೇ ಓದಿ ಮುಗಿಸಿದ್ದಳೆಂಬುದು ಬೇರೆ ಮಾತು. ಒಳಗಿರುವುದು ಕೋಟೆ, ದೇವಸ್ಥಾನಗಳಲ್ಲ. ಊರೂರಿನ ಸಣ್ಣ ಬ್ರೂವರಿಗಳಲ್ಲಿ ಕುಡಿದ ಬೀರಿನ ಹೆಸರು, ಬಣ್ಣ, ಹತ್ತಕ್ಕೆ ಎಷ್ಟು ಮಾರ್ಕು ಎಂಬ ವಿವರ. ಕಾರವಾರದಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ಪೇಪರು ತಿದ್ದಿದವನು ಮಾರ್ಕು ಕೊಡದೆ ಏನನ್ನು ತಾನೇ ಕುಡಿಯಬಲ್ಲ? ಆದರೆ ಒಪ್ಪಿಕೊಂಡುಬಿಡುತ್ತೇನೆ: ಅವುಗಳಲ್ಲಿ ಒಂದೂ ನನ್ನ ಮಾರ್ಕಲ್ಲ. ಎಲ್ಲ ವಿಠೋಬನವು.

ವಿಠೋಬ ಅಂಕೋಲೆ ಕಡೆಯ ಶೆಟಗೇರಿಯವನು, ಹೈಸ್ಕೂಲು ಬೆಂಚಿನ ಗೆಳೆಯ. ಕೈಗಾ ಅಣುಸ್ಥಾವರದಲ್ಲಿ ದುಡಿದು, ಹೋಗುತ್ತ ಬರುತ್ತ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡಿ, ನಿವೃತ್ತನಾದವನು. ಬೀರಿಗೆ ಮಾರ್ಕು ಕೊಡುವ ಅವನ ಕ್ರಮವೇ ಬೇರೆ. ಪರಿಮಳ, ಕಹಿ, ನೊರೆ ಎಂದೆಲ್ಲ ಬ್ರೂವರಿಯವರು ವಿವರಿಸುತ್ತಿದ್ದರೆ ಅವನು ಒಂದು ಗುಟುಕು ಹೀರಿ, “ಇದಕ್ಕೆ ತಾರ್ಲೆ ಸಾಕೋ” ಎನ್ನುತ್ತಾನೆ. ತಾರ್ಲೆಯಂಥ ಅಗ್ಗದ ಮೀನು ಸಾಕಾದರೆ ಐದು. ಬಂಗಡೆಗೆ ಯೋಗ್ಯವಾದದ್ದಕ್ಕೆ ಎಂಟರ ಮೇಲೆ. ಮೀನನ್ನು ನೆನಪಿಗೇ ತರದ ಬೀರಿಗೆ ಸೊನ್ನೆ.

ಬರೀ ನೆನಪಾದರೆ ಪರವಾಗಿರಲಿಲ್ಲ. ನಮ್ಮ ಕಡೆಯವರಿಗೆ ಪರವೂರಿನ ಮೀನಿನ ಮೇಲೆ ನಂಬಿಕೆಯಿಲ್ಲ. ಪುಣೆಯ ಬ್ರೂವರಿಯೊಂದರಲ್ಲಿ ಅವನು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದ. ಒಳಗೆ ಅವನ ಹೆಂಡತಿ ಶಾರದಕ್ಕ ರವೆ ಹಚ್ಚಿ ಹುರಿದುಕೊಟ್ಟ ಬಂಗಡೆ. ಮ್ಯಾನೇಜರು ಓಡಿಬಂದು, ಹೊರಗಿನ ತಿಂಡಿ ತರಬಾರದು ಎಂದ. ವಿಠೋಬ ತನ್ನ ಕೈಗಾ ಹಿಂದಿಯಲ್ಲಿ, ಇದು ಹೊರಗಿನದಲ್ಲ, ಮನೆಯದು ಎಂದು ಸಮಾಧಾನ ಹೇಳಿ ಅವನಿಗೂ ಒಂದು ತುಂಡು ಕೊಟ್ಟ. ನಾನು ನಾಚಿಕೆಯಿಂದ ಮೆನುವಿನ ಹಿಂದೆ ಅಡಗಿ ಕುಳಿತೆ. ಮ್ಯಾನೇಜರು ಇನ್ನೊಂದು ತುಂಡು ಕೇಳಿದ ಮೇಲೆ ಹೊರಗೆ ಬಂದೆ.

ಬೀರು ಪರದೇಶದ ಚಟ ಎಂದು ಮೂಗು ಮುರಿಯುವವರಿಗೆ ನಾನು ಪಾಠ ಹೇಳುವುದುಂಟು. ಅಕ್ಕಿ, ಜವೆಗೋಧಿ ಹುದುಗಿಸಿ ಮಾಡುವ ಸುರೆಯ ಮಾತು ನಮ್ಮ ಹಳೆಯ ಗ್ರಂಥಗಳಲ್ಲೇ ಬರುತ್ತದೆ. ಅದರ ಸಂಗಡ ಏನು ನಂಜಿಕೊಳ್ಳುತ್ತಿದ್ದರೋ ನನಗೆ ತಿಳಿಯದು. ವಿಠೋಬನಿಗೆ ಮಾತ್ರ ಇತಿಹಾಸದಲ್ಲಿ ತಿಳಿಯಬೇಕಾದದ್ದು ಅದೊಂದೇ.

ಈ ವರ್ಷ ಡಾಕ್ಟರು ಅವನ ಲಿವರಿನ ಚಿತ್ರ ನೋಡಿ, ಇನ್ನು ಒಂದು ಹನಿಯೂ ಕೂಡದು ಎಂದರು. ವಿಠೋಬ ಅಂದೇ ಬಿಟ್ಟ. ನಾನು ಬಿಡಲಿಲ್ಲ. ಗೋವಾದಲ್ಲಿ ಹೊಸ ಬ್ರೂವರಿಯೊಂದು ತೆರೆದಿದೆಯೆಂದು ಕೇಳಿದಾಗ, ಪಾಪ, ಅವನ ಕಣ್ಣೆದುರು ಕುಡಿದು ಯಾಕೆ ಹೊಟ್ಟೆ ಉರಿಸುವುದು ಎಂದುಕೊಂಡು, ಹೇಳದೆ ಒಬ್ಬನೇ ಹೋದೆ. ಕರುಣೆ ಎಂದು ಅದಕ್ಕೆ ನಾನೇ ಹೆಸರಿಟ್ಟುಕೊಂಡೆ. ಕದ್ದು ಹೋಗುವವನಿಗೂ ಒಂದು ಒಳ್ಳೆಯ ಹೆಸರು ಬೇಕಲ್ಲ! ಗೋಧಿಯ ಬೀರು, ನೊರೆ ದಪ್ಪ, ಕಿತ್ತಳೆ ಸಿಪ್ಪೆಯ ವಾಸನೆ. ನೋಟ್‌ಬುಕ್ಕು ಬಿಡಿಸಿದೆ, ಹೆಸರು ಬರೆದೆ, ಬಣ್ಣ ಬರೆದೆ. ಮಾರ್ಕಿನ ಜಾಗಕ್ಕೆ ಬಂದರೆ ಪೆನ್ನು ಮುಂದೆ ಹೋಗಲೊಲ್ಲದು. ಚೆನ್ನಾಗಿದೆಯೋ ಇಲ್ಲವೋ, ಅಷ್ಟೂ ಗೊತ್ತಾಗಲಿಲ್ಲ.

ಕಾರವಾರದವನು ಗೋವಾಕ್ಕೆ ಹೋಗಿ ಗುಟ್ಟಾಗಿ ಮರಳಿ ಬಂದ ದಾಖಲೆಯಿಲ್ಲ. ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲೇ ವಿಠೋಬನ ಷಡ್ಡಕ. ದೇವಸ್ಥಾನಕ್ಕೆ ಬಂದಿದ್ದೆ ಎಂದೆ. ಅವನು ನನ್ನ ಉಸಿರಿನ ದಿಕ್ಕಿನಿಂದ ಮುಖ ತಿರುಗಿಸಿ, “ದರ್ಶನ ಚಲೋ ಆಯ್ತಾ ಮಾಸ್ತರ್ರೇ?” ಎಂದ.

ಮರುದಿನ ಬೆಳಿಗ್ಗೆ ಅಂಕೋಲೆಯ ಬಸ್ಸಿಳಿದು ವಿಠೋಬ ನಮ್ಮ ಜಗಲಿಗೆ ಬಂದು ಕುಳಿತ. ನಲವತ್ತೈದು ವರ್ಷದ ಸ್ನೇಹ ಇಂದಿಗೆ ಮುಗಿಯಿತೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವನು ಚಹಾ ಕುಡಿದು ಲೋಟ ಕೆಳಗಿಟ್ಟ.

“ಅದ್ರ ಸಂಗ್ಡ ಎಂತಾ ತಿಂದ್ಯೋ?” ಎಂದು ಕೇಳಿದ.

“ಶೇಂಗಾ.”

“ಥೂ!” ಎಂದ. ಆಮೇಲೆ ದನಿ ಇಳಿಸಿ, “ಡಾಕ್ಟರು ನಂಗೆ ಬೀರು ಬ್ಯಾಡ ಅಂದದ್ದು ಮಾರಾಯಾ. ನಿನ್ನ ಸಂಗ್ಡ ಬರೂದು ಬ್ಯಾಡ ಅಂದದ್ದು ಯಾರು?” ಎಂದ.

ಬಹಳ ನಾಚಿಕೆಯಾಯಿತು.

ಮುಂದಿನ ಶನಿವಾರ ಇಬ್ಬರೂ ಹೋದೆವು. ಅವನಿಗೆ ಲಿಂಬು ಸೋಡಾ, ನನಗೆ ಅದೇ ಗೋಧಿ ಬೀರು, ನಡುವೆ ಸ್ಟೀಲ್ ಡಬ್ಬಿ. ವಿಠೋಬ ನನ್ನ ಗ್ಲಾಸೆತ್ತಿ ಕಣ್ಣುಮುಚ್ಚಿ ಮೂಸಿದ, ಬಂಗಡೆಯ ಒಂದು ತುಂಡು ನನ್ನ ಕೈಗಿಟ್ಟು ಗ್ಲಾಸನ್ನು ಮರಳಿಸಿದ. ನಾನು ಕುಡಿದೆ. ಅಬ್ಬಾ, ಎಂಥ ಬೀರು! ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಬರ್ಕೋ, ಒಂಬತ್ತೂವರೆ” ಎಂದ.

ಇಷ್ಟು ಮಾರ್ಕು ಅವನು ಯಾವ ಬೀರಿಗೂ ಕೊಟ್ಟಿರಲಿಲ್ಲ. ಆದರೂ ಮಾಸ್ತರಿಕೆಯ ಚಟ, ಉಳಿದ ಅರ್ಧ ಎಲ್ಲಿ ಹೋಯಿತೆಂದು ಕೇಳಿದೆ.

“ಮೊದ್ಲಿನ ಸಲ ಒಬ್ನೇ ಬಂದಿದ್ಯಲ, ಅದ್ಕೆ” ಎಂದು ಅವನು ಸೋಡಾ ಹೀರಿದ.

ಒಂಬತ್ತೂವರೆ ಎಂದೇ ಬರೆದುಕೊಂಡೆ.